ಸೇಬು ಯಾರಿಗೆ, ಸೀಬೆ ಯಾರಿಗೆ?

ಪ್ರಶ್ನೆ: ಮೇಡಂ, ನಾವು ಮದ್ದೂರು ಹತ್ತಿರದ ಹಳ್ಳಿಯವರು. ಹಿತ್ತಲಲ್ಲಿ ಒಂದು ಸೀಬೆ (ಚೇಪೆಕಾಯಿ, ಪೇರಲ) ಮರ ಇದೆ, ಅತ್ತೆ ನೆಟ್ಟಿದ್ದು. ಅತ್ತೆಗೆ 62 ವರ್ಷ. 11 ವರ್ಷದಿಂದ ಶುಗರ್ ಇದೆ, ಬಿಪಿಗೂ ಮಾತ್ರೆ ತಗೊಳ್ಳುತ್ತಾರೆ. ಸೀಬೆ ಶುಗರ್‌ಗೆ ಒಳ್ಳೇದು ಅಂತ ಯಾರೋ ಹೇಳಿದ ಮೇಲೆ ದಿನಕ್ಕೆ ಎರಡು ಮೂರು ತಿನ್ನುತ್ತಾರೆ. ಎಲೆ ಕುದಿಸಿ ಕಷಾಯವನ್ನೂ ಕುಡಿಯುತ್ತಾರೆ. ನನಗೆ 34. ಹಿಮೋಗ್ಲೋಬಿನ್ 9.8 ಬಂದಿದೆ. ರಕ್ತ ಆಗಲಿ ಅಂತ ನಮ್ಮ ಯಜಮಾನರು ಕಿಲೋಗೆ 220 ರೂಪಾಯಿ ಕೊಟ್ಟು ವಾರವಾರ ಸೇಬು ತರುತ್ತಾರೆ. ಕಬ್ಬಿಣದ ಮಾತ್ರೆ ಬರೆದಿದ್ದರು, ಹೊಟ್ಟೆ ತೊಳಸಿತು ಅಂತ ಬಿಟ್ಟುಬಿಟ್ಟೆ. ಮಗಳಿಗೆ 7 ವರ್ಷ. ಅವಳಿಗೆ ಸೀಬೆ ಅಂದರೆ ಪ್ರಾಣ. ಆದರೆ ಶೀತ ಆಗುತ್ತೆ, ಬೀಜ ಕರುಳಿಗೆ ಅಂಟಿಕೊಳ್ಳುತ್ತೆ ಅಂತ ಅತ್ತೆ ಮುಟ್ಟಲು ಬಿಡುವುದಿಲ್ಲ. ಈ ಎರಡರಲ್ಲಿ ಯಾವ ಹಣ್ಣು ಹೆಚ್ಚು ಒಳ್ಳೆಯದು? ನನ್ನ ಮತ್ತು ಅತ್ತೆಯವರ ರಿಪೋರ್ಟ್ ಕಳಿಸಿದ್ದೇನೆ.

ಉತ್ತರ: ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಒಂದು ಮಾತು. ಅತ್ತೆಯವರು ಇವತ್ತಿನಿಂದಲೇ ಸೀಬೆಹಣ್ಣು ಮತ್ತು ಎಲೆ ಕಷಾಯ ಎರಡನ್ನೂ ನಿಲ್ಲಿಸಲಿ. ಶುಗರ್ ಮಾತ್ರೆ, ಬಿಪಿ ಮಾತ್ರೆ ಯಾವುದನ್ನೂ ನಿಲ್ಲಿಸಬೇಡಿ. ಈ ವಾರದಲ್ಲೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ನೀವು ಕಳಿಸಿದ ಅತ್ತೆಯವರ ರಿಪೋರ್ಟಿನ ಎರಡನೇ ಪುಟದಲ್ಲಿ ಎರಡು ಸಾಲು ಇವೆ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ) 1.8, ಪೊಟ್ಯಾಸಿಯಂ (ಆಹಾರದಿಂದ ಬರುವ ಒಂದು ಖನಿಜ) 5.4. ಮನೆಯಲ್ಲಿ ಎಲ್ಲರೂ ಮೊದಲ ಪುಟದ ಶುಗರ್ ನೋಡಿ ಹಾಳೆ ಮಡಚಿಟ್ಟಿದ್ದೀರಿ ಅನ್ನಿಸುತ್ತದೆ. ಎಲ್ಲರ ಮನೆಯಲ್ಲೂ ಹಾಗೇ ಆಗುತ್ತದೆ. 62 ವರ್ಷದ ಹೆಂಗಸಿಗೆ ಕ್ರಿಯಾಟಿನಿನ್ 1.8 ಇದ್ದರೆ ಕಿಡ್ನಿ ಸೋಸುವ ಶಕ್ತಿ ಲೆಕ್ಕಕ್ಕೆ 31ರ ಆಸುಪಾಸು ಬರುತ್ತದೆ. ಆರೋಗ್ಯವಂತರಲ್ಲಿ ಇದು 90ರ ಮೇಲಿರಬೇಕು. ಹನ್ನೊಂದು ವರ್ಷದ ಶುಗರ್, ಜೊತೆಗೆ ಬಿಪಿ, ಎರಡೂ ಸೇರಿ ಸದ್ದಿಲ್ಲದೆ ಕಿಡ್ನಿಯನ್ನು ಸವೆಸಿರುವ ಹಾಗೆ ಕಾಣುತ್ತದೆ. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕು. ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಗೆ ಹಾಕುವುದು ಕಿಡ್ನಿಯ ಕೆಲಸ. ಅದಕ್ಕೆ ಕೈಲಾಗದಿದ್ದಾಗ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ. ತುಂಬಾ ಏರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ.

ಈಗ ಸೀಬೆಗೆ ಬನ್ನಿ. 100 ಗ್ರಾಂ ಸೀಬೆಯಲ್ಲಿ ಸುಮಾರು 417 ಮಿ.ಗ್ರಾಂ ಪೊಟ್ಯಾಸಿಯಂ ಇದೆ. ಬಾಳೆಹಣ್ಣಿನಲ್ಲಿ ಇರುವುದಕ್ಕಿಂತ ಜಾಸ್ತಿ. ಬಾಳೆಹಣ್ಣಿನದು 358. ಸೇಬಿನಲ್ಲಿ ಬರೀ 107. ಹಿತ್ತಲ ಮರದ ಹಣ್ಣು ಒಂದೊಂದು 150 ಗ್ರಾಂ ತೂಗಿದರೂ, ಮೂರು ತಿಂದ ದಿನ ಅತ್ತೆಯವರ ಹೊಟ್ಟೆಗೆ 1900 ಮಿ.ಗ್ರಾಂನಷ್ಟು ಪೊಟ್ಯಾಸಿಯಂ ಹೋಯಿತು. ಪೊಟ್ಯಾಸಿಯಂ ಏರಿರುವ ಕಿಡ್ನಿ ರೋಗಿಗಳಿಗೆ ನಾವು ಇಡೀ ದಿನದ ಊಟ, ತಿಂಡಿ, ಹಾಲು ಎಲ್ಲಾ ಸೇರಿಸಿ ಹಾಕಿಕೊಡುವ ಲೆಕ್ಕವೇ 2000ದಿಂದ 2500.

ಅವರ ಬಿಪಿ ಮಾತ್ರೆಯ ಹೆಸರು ನೀವು ಬರೆದಿಲ್ಲ. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಪೊಟ್ಯಾಸಿಯಂ ಇನ್ನಷ್ಟು ಏರಲು ದಾರಿಯಾಗುತ್ತದೆ. ಹಾಗಂತ ಸುಮ್ನೆ ನಿಲ್ಲಿಸಬೇಡಿ. ಮೊದಲ ಎರಡು ಕಿಡ್ನಿಯನ್ನು ಕಾಪಾಡಲೆಂದೇ ಕೊಡುವ ಮಾತ್ರೆಗಳು. ಬದಲಿಸಬೇಕೋ, ಕಡಿಮೆ ಮಾಡಬೇಕೋ ಎನ್ನುವುದನ್ನು ಡಾಕ್ಟರು ಹೇಳಲಿ. ಕೈಕಾಲು ಸೋತಂತೆ ಆಗುವುದು, ಎದೆ ಬಡಿತ ಏರುಪೇರಾಗುವುದು ಕಂಡರೆ ಮಾತ್ರ ವಾರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ನಿಮ್ಮದು ಮದ್ದೂರು ಕಡೆ ಅಂದ ಮೇಲೆ ಇನ್ನೊಂದು ವಿಷಯ ಹೇಳಲೇಬೇಕು. ಎಳನೀರು. ತಂಪು, ಶುಗರ್‌ನವರೂ ಕುಡಿಯಬಹುದು ಅಂತ ದಿನಾ ಕೊಚ್ಚಿಸಿ ಕುಡಿಯುವವರನ್ನು ನಾನು ಬಹಳ ನೋಡಿದ್ದೇನೆ. ಒಂದು ಎಳನೀರಲ್ಲಿ ಒಂದು ಸೀಬೆಯಷ್ಟೇ ಪೊಟ್ಯಾಸಿಯಂ ಸಲೀಸಾಗಿ ಇರುತ್ತದೆ. ಬಿಪಿಯವರಿಗೆ ಅಂತ ಮಾರುವ ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲೂ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ. ಅತ್ತೆಯವರಿಗೆ ಇವೆರಡೂ ಬೇಡ.

ಹಾಗಾದರೆ ಸೀಬೆ ಶುಗರ್‌ಗೆ ಒಳ್ಳೆಯದು ಅನ್ನುವುದು ಸುಳ್ಳಾ? ಸುಳ್ಳಲ್ಲ. ಕಿಡ್ನಿ ಸರಿ ಇರುವ ಶುಗರ್ ರೋಗಿಗೆ ನಾನೇ ಸೀಬೆ ತಿನ್ನಿ ಅನ್ನುತ್ತೇನೆ. 100 ಗ್ರಾಂ ಸೀಬೆಯಲ್ಲಿ ಸಕ್ಕರೆ 9 ಗ್ರಾಂ, ಸೇಬಿನಲ್ಲಿ ಹತ್ತೂ ಚಿಲ್ಲರೆ. ಸಕ್ಕರೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ನಾರಿನಲ್ಲಿ. ಸೀಬೆಯಲ್ಲಿ 5.4 ಗ್ರಾಂ, ಸಿಪ್ಪೆ ಸಮೇತ ತಿಂದ ಸೇಬಿನಲ್ಲಿ 2.4 ಗ್ರಾಂ. ನಾರು ಜಾಸ್ತಿ ಇದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ. ಅದರಲ್ಲೂ ಪೂರ್ತಿ ಹಣ್ಣಾಗಿ ಮೆತ್ತಗಾದ್ದಕ್ಕಿಂತ ದೋರೆಗಾಯಿ ಇನ್ನೂ ವಾಸಿ. ಸೇಬೇನೂ ಇದರಲ್ಲಿ ಕೆಟ್ಟದ್ದಲ್ಲ. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಸೇಬು, ದ್ರಾಕ್ಷಿ, ಬ್ಲೂಬೆರಿ ಹಣ್ಣುಗಳನ್ನು ಇಡಿಯಾಗಿ ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಬರುವುದು ಕಡಿಮೆ ಇತ್ತು. ಹಣ್ಣಿನ ಜ್ಯೂಸ್ ಕುಡಿಯುವವರಲ್ಲಿ ಜಾಸ್ತಿ ಇತ್ತು. ಅಂದರೆ ಯಾವ ಹಣ್ಣು ಅನ್ನುವುದರ ಜೊತೆಗೆ ಅಗಿದು ತಿಂದಿರೋ, ಮಿಕ್ಸಿಗೆ ಹಾಕಿ ಸೋಸಿ ಕುಡಿದಿರೋ ಅನ್ನುವುದೂ ಮುಖ್ಯ.

ಎಲೆ ಕಷಾಯದ ಮಾತು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ಸೀಬೆ ಎಲೆ ಸ್ವಲ್ಪ ತಡೆಯುತ್ತದೆ. ಅದಕ್ಕೇ ಜಪಾನಿನಲ್ಲಿ ಇದರ ಚಹಾ ಮಾರುತ್ತಾರೆ. ಅದು ಮಾತ್ರೆಯ ಜಾಗಕ್ಕೆ ಬರುವಂಥದ್ದಲ್ಲ. ಮನೆಯಲ್ಲಿ ಕುದಿಸಿದ ಕಷಾಯದಲ್ಲಿ ಏನು ಎಷ್ಟು ಇಳಿದಿದೆ ಅಂತ ಅಳೆಯುವವರೂ ಇಲ್ಲ. ಕಿಡ್ನಿ ಸೋತಿರುವಾಗ ಅಳತೆ ಇಲ್ಲದ ಯಾವ ಕಷಾಯವೂ ಬೇಡ.

ಅತ್ತೆಯವರಿಗೆ ಸದ್ಯಕ್ಕೆ ಹಣ್ಣು ಅಂದರೆ ನಿಮ್ಮ ಯಜಮಾನರು ತರುವ ಆ ಸೇಬು. ದಿನಕ್ಕೆ ಒಂದು ಚಿಕ್ಕದು, ಇಲ್ಲವೇ ದೊಡ್ಡದರಲ್ಲಿ ಅರ್ಧ. ಊಟದ ಬೆನ್ನಲ್ಲೇ ಬೇಡ. ಮುದ್ದೆ, ಅನ್ನದ ಮೇಲೆ ಹಣ್ಣೂ ಸೇರಿದರೆ ಸಕ್ಕರೆ ಒಟ್ಟಿಗೆ ಏರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೋ ಸಂಜೆ ನಾಲ್ಕಕ್ಕೋ ತಿನ್ನಲಿ. ಬೇಜಾರಾದ ದಿನ ನಾಲ್ಕು ಹೋಳು ಅನಾನಸ್ ಕೊಡಬಹುದು. ಅದರಲ್ಲೂ ಪೊಟ್ಯಾಸಿಯಂ ಸೇಬಿನಷ್ಟೇ.

ಇನ್ನು ನಿಮ್ಮ ವಿಷಯ.

ಸೇಬು ತಿಂದರೆ ರಕ್ತ ಆಗುತ್ತದೆ ಅನ್ನುವುದು ನಾನು ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಿರುವ ಮಾತು. ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಒಂದು ಸೇಬು ಕೊಯ್ದು ತಟ್ಟೆಯಲ್ಲಿಡಿ. ಒಲೆ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಕೊಯ್ದ ಅಂಚು ಮಂಕಾಗುತ್ತದೆ. ಇನ್ನಷ್ಟು ಹೊತ್ತಿಗೆ ಹಳೇ ಮೊಳೆ ತುಕ್ಕು ಹಿಡಿದ ಬಣ್ಣ ಬರುತ್ತದೆ. ಮಗಳ ಡಬ್ಬಿಗೆ ಹಾಕಿ ಕಳಿಸಿದ ಹೋಳು ಮಧ್ಯಾಹ್ನಕ್ಕೆ ಕಂದಾಗಿ ವಾಪಸ್ ಬಂದಿರುತ್ತದಲ್ಲ, ಅದೇ. ನೋಡಿದವರು ಕಬ್ಬಿಣ ಇರುವುದಕ್ಕೇ ತುಕ್ಕು ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಹಣ್ಣಿನೊಳಗಿನ ಒಂದು ಕಿಣ್ವ ಗಾಳಿ ತಾಗಿದ ಕೂಡಲೇ ಅಲ್ಲೇ ಇರುವ ಒಗರು ಅಂಶಗಳ ಬಣ್ಣ ಬದಲಿಸುವ ಆಟ. ಅಂಚಿಗೆ ನಿಂಬೆರಸ ಸವರಿ ನೋಡಿ, ಕಂದಾಗುವುದು ತಡವಾಗುತ್ತದೆ. ಕಬ್ಬಿಣಕ್ಕೂ ಇದಕ್ಕೂ ಸಂಬಂಧ ಇಲ್ಲ. 100 ಗ್ರಾಂ ಸೇಬಿನಲ್ಲಿರುವ ಕಬ್ಬಿಣ 0.1 ಮಿ.ಗ್ರಾಂ. ನಿಮ್ಮ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿ.ಗ್ರಾಂ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿ ಹೇಳುತ್ತದೆ. ಲೆಕ್ಕ ನೀವೇ ಹಾಕಿ. ಬಣ್ಣ ನೋಡಿ ಬೀಟ್ರೂಟಿಗೆ ರಕ್ತದ ಪಟ್ಟ ಕಟ್ಟಿದ್ದೂ ಹೀಗೇ.

ಸೀಬೆಯಲ್ಲೂ ಕಬ್ಬಿಣ ಹೇಳಿಕೊಳ್ಳುವಷ್ಟಿಲ್ಲ. 0.3 ಮಿ.ಗ್ರಾಂ ಹತ್ತಿರ. ಆದರೆ ಅದರಲ್ಲಿ ವಿಟಮಿನ್ ಸಿ ಇದೆ, ಅದೂ ಧಾರಾಳವಾಗಿ. 100 ಗ್ರಾಂಗೆ 200 ಮಿ.ಗ್ರಾಂ ಮೇಲೆ. ಕಿತ್ತಳೆಯಲ್ಲಿ ಐವತ್ತು ಚಿಲ್ಲರೆ, ಸೇಬಿನಲ್ಲಿ ಐದೂ ಇಲ್ಲ. ನಿಮಗೆ ದಿನಕ್ಕೆ ಬೇಕಾದ್ದು 65 ಮಿ.ಗ್ರಾಂ. ಸೀಬೆಯ ಎರಡು ಮೂರು ಹೋಳಿಗೆ ಅದು ಮುಗಿಯಿತು. ಅಷ್ಟನ್ನು ಸೇಬಿನಿಂದಲೇ ಪಡೆಯಬೇಕು ಅಂದರೆ ಸುಮಾರು ಒಂದೂವರೆ ಕಿಲೋ ತಿನ್ನಬೇಕು. ನಿಮ್ಮ ಯಜಮಾನರ ಲೆಕ್ಕದಲ್ಲಿ ದಿನಕ್ಕೆ 300 ರೂಪಾಯಿ ಮೇಲೆ.

ರಕ್ತಕ್ಕೂ ವಿಟಮಿನ್ ಸಿಗೂ ಏನು ಸಂಬಂಧ ಅಂತ ಕೇಳಬಹುದು. ರಾಗಿಯಲ್ಲಿ, ಸೊಪ್ಪಿನಲ್ಲಿ, ಕಾಳಿನಲ್ಲಿ ಕಬ್ಬಿಣ ಇದೆ. 100 ಗ್ರಾಂ ರಾಗಿಯಲ್ಲಿ ನಾಲ್ಕೂವರೆ ಮಿ.ಗ್ರಾಂ ಹತ್ತಿರ. ಆದರೆ ಅದು ಕರುಳಿನಲ್ಲಿ ಸುಲಭವಾಗಿ ರಕ್ತಕ್ಕೆ ಸೇರುವ ರೂಪದಲ್ಲಿಲ್ಲ. ರಾಗಿಯಲ್ಲೇ ಇರುವ ಕೆಲವು ಅಂಶಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಅದು ಕಬ್ಬಿಣವನ್ನು ಕರಗುವ ಹಾಗೆ ಮಾಡಿ ಕರುಳು ಎಳೆದುಕೊಳ್ಳಲು ಅನುವು ಮಾಡಿಕೊಡುತ್ತದೆ. ಆದ್ದರಿಂದ ಅತ್ತೆಯವರಿಗೆ ಹೇಳಿದ್ದಕ್ಕೆ ನಿಮಗೆ ಉಲ್ಟಾ. ನೀವು ಊಟದ ಜೊತೆಗೇ ಸೀಬೆ ತಿನ್ನಿ. ಮುದ್ದೆ, ಸೊಪ್ಪಿನ ಸಾರು, ಪಕ್ಕದಲ್ಲಿ ಅರ್ಧ ಸೀಬೆ. ಹಸಿಯಾಗಿಯೇ ಇರಲಿ. ಗೊಜ್ಜು, ಜಾಮ್ ಅಂತ ಬೇಯಿಸಿದರೆ ವಿಟಮಿನ್ ಸಿ ಬಹಳ ಮಟ್ಟಿಗೆ ಹಾಳಾಗುತ್ತದೆ. ಊಟ ಮುಗಿಸಿ ತಕ್ಷಣ ಟೀ ಕುಡಿಯುವ ಅಭ್ಯಾಸ ಇದ್ದರೆ ಒಂದೂವರೆ ಎರಡು ಗಂಟೆ ಮುಂದಕ್ಕೆ ಹಾಕಿ. ಟೀಯ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಸೇಬಿನ ಜಾಗಕ್ಕೆ ಸೀಬೆ ತಂದಿಟ್ಟಂತಾಗುತ್ತದೆ. 9.8 ಅನ್ನುವುದು ಹಣ್ಣಿನಲ್ಲಿ ಏರುವ ಅಂಕಿ ಅಲ್ಲ. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ರಿಂದ 11ರ ನಡುವೆ ಇದ್ದರೆ ಮಧ್ಯಮ ಮಟ್ಟದ್ದು. ಮಾತ್ರೆ ಬೇಕು. ಹೊಟ್ಟೆ ತೊಳಸಿದ್ದಕ್ಕೆ ಬಿಟ್ಟಿದ್ದು ನೀವೊಬ್ಬರೇ ಅಲ್ಲ, ನನ್ನ ಹತ್ತಿರ ಬರುವ ಹೆಂಗಸರಲ್ಲಿ ಬಹಳ ಜನ ಬಿಟ್ಟಿರುತ್ತಾರೆ, ಕೇಳಿದರೆ ಮಾತ್ರ ಹೇಳುತ್ತಾರೆ. ಡಾಕ್ಟರಿಗೆ ಇದನ್ನು ಹೇಳಿ. ಬೇರೆ ಬಗೆಯ ಮಾತ್ರೆ ಇದೆ. ಊಟದ ನಂತರ ತಗೊಳ್ಳುವುದು ಒಂದು ದಾರಿ. ದಿನ ಬಿಟ್ಟು ದಿನ ತಗೊಂಡರೆ ಪ್ರತಿ ಮಾತ್ರೆಯಿಂದ ಮೈಗೆ ಹತ್ತುವ ಪಾಲು ಹೆಚ್ಚುತ್ತದೆ ಅಂತ ಈಚಿನ ವರ್ಷಗಳ ಅಧ್ಯಯನಗಳಲ್ಲಿ ಕಂಡಿದೆ, ಅದನ್ನೂ ಕೇಳಿ. ಮಾತ್ರೆಯನ್ನು ಹಾಲಿನ ಜೊತೆ ನುಂಗಬೇಡಿ, ನಾಲ್ಕು ಹೋಳು ಸೀಬೆ ಜೊತೆ ನುಂಗಿ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ ಅನ್ನುವುದನ್ನು ನೀವು ಬರೆದಿಲ್ಲ. ಹೋಗುತ್ತಿದ್ದರೆ ಮೊದಲು ಆ ತೂತು ಮುಚ್ಚಬೇಕು, ಆಮೇಲೆ ಬಿಂದಿಗೆ ತುಂಬಿಸುವ ಮಾತು.

ಮಗಳ ವಿಷಯದಲ್ಲಿ ಅತ್ತೆಯವರು ಹೇಳುವುದನ್ನು ನಾನೂ ಚಿಕ್ಕವಳಿದ್ದಾಗ ಕೇಳಿದ್ದೇನೆ. ಚೇಪೆಕಾಯಿ ತಿಂದರೆ ಕೆಮ್ಮು ಬರುತ್ತೆ, ಬಿಸಾಕು ಅಂತ. ನೆಗಡಿ ಬರುವುದು ವೈರಸ್ಸಿನಿಂದ, ಇನ್ನೊಬ್ಬರಿಂದ ಅಂಟಿ. ಹಾಗಾದರೆ ಅಜ್ಜಿಯರೆಲ್ಲ ಯಾಕೆ ಹೀಗೆ ಹೇಳುತ್ತಾರೆ? ಮರದ ಕಡೆ ನೋಡಿ. ಸೀಬೆ ನಮ್ಮಲ್ಲಿ ಮುಖ್ಯವಾಗಿ ಎರಡು ಸಲ ಫಸಲು ಕೊಡುತ್ತದೆ. ಒಂದು ಮಳೆಗಾಲದಲ್ಲಿ, ಇನ್ನೊಂದು ಚಳಿಗಾಲದಲ್ಲಿ. ಮಕ್ಕಳಿಗೆ ನೆಗಡಿ ಕೆಮ್ಮು ಹರಡುವುದೂ ಅದೇ ಎರಡು ಕಾಲದಲ್ಲಿ. ಹಣ್ಣು ಕಣ್ಣಿಗೆ ಕಾಣುತ್ತದೆ, ವೈರಸ್ಸು ಕಾಣುವುದಿಲ್ಲ. ಸೀಬೆ ತಿಂದರೆ ನೆಗಡಿಯೇ ಬರುವುದಿಲ್ಲ ಅನ್ನುವ ಹೊಸ ಕಾಲದ ಮಾತೂ ಅಷ್ಟೇ ಸುಳ್ಳು. ಗಂಟಲು ಕೆಟ್ಟಿರುವಾಗ ಉಪ್ಪು ಖಾರ ಹಚ್ಚಿದ ಹೋಳು ತಿಂದರೆ ಕೆರೆತ ಜಾಸ್ತಿ ಆಗುತ್ತದೆ, ಆ ಎರಡು ದಿನ ಖಾರದಪುಡಿ ಬಿಡಿ.

ಬೀಜ ಕರುಳಿಗೆ ಅಂಟಿಕೊಳ್ಳುವುದಿಲ್ಲ. ಜೀರ್ಣವೂ ಆಗುವುದಿಲ್ಲ. ಹೇಗೆ ಹೋಯಿತೋ ಹಾಗೇ ಬರುತ್ತದೆ. ಆದರೆ ಅತ್ತೆಯವರ ಮಾತಿನಲ್ಲಿ ಒಂದು ಎಳೆ ನಿಜ ಇದೆ. ರಜೆಯಲ್ಲಿ ಮರ ಹತ್ತಿ ಏಳೆಂಟು ಕಾಯಿ ತಿಂದು, ನೀರು ಕುಡಿಯದೆ, ಬೀಜ ಒಟ್ಟುಗೂಡಿ ಮಲ ಕಟ್ಟಿ ಅತ್ತುಕೊಂಡು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ದಿನಕ್ಕೊಂದು ಹಣ್ಣು, ಮೇಲೆ ಒಂದು ಲೋಟ ನೀರು, ಇಷ್ಟಾದರೆ ಆ ತೊಂದರೆ ಇಲ್ಲ. ಹಲ್ಲು ಹುಳುಕಾಗಿ ಸಿಮೆಂಟ್ ತುಂಬಿಸಿದ್ದರೆ ಆ ಕಡೆ ಬೀಜ ಕಡಿಯಬಾರದು, ಅಷ್ಟೇ. ನಿಮ್ಮ ಮರದ್ದು ಗಟ್ಟಿ ಬೀಜದ ಹಣ್ಣಾಗಿದ್ದರೆ ನಡುವಿನ ಬೀಜದ ಉಂಡೆ ತೆಗೆದು ಕೊಡಿ, ಒಳ್ಳೆಯದೆಲ್ಲಾ ಸಿಪ್ಪೆಯಲ್ಲಿ, ತಿರುಳಿನಲ್ಲಿ ಇದ್ದೇ ಇರುತ್ತದೆ. ಮಳೆಗಾಲದ ಹಣ್ಣನ್ನು ಮಾತ್ರ ಕಚ್ಚಿ ತಿನ್ನಲು ಬಿಡಬೇಡಿ, ಕೊಯ್ದು ನೋಡಿ. ಹಣ್ಣುನೊಣ ಮೊಟ್ಟೆ ಇಟ್ಟು ಒಳಗೆ ಬಿಳಿ ಹುಳ ಆಗಿರುತ್ತದೆ. ಚಳಿಗಾಲದ್ದರಲ್ಲಿ ಆ ಕಾಟ ಕಡಿಮೆ, ರುಚಿಯೂ ಜಾಸ್ತಿ.

ಹೊಸ ಗಿಡ ನೆಡುವ ಯೋಚನೆ ಇದ್ದರೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೃದುಲ ತಳಿಯಲ್ಲಿ ಬೀಜ ಮೆತ್ತಗೆ. ಅವರದೇ ಅರ್ಕಾ ಕಿರಣದ ತಿರುಳು ಗುಲಾಬಿ. ಟೊಮೇಟೊಗೆ ಕೆಂಪು ಕೊಡುವ ಲೈಕೋಪೀನ್ ಅನ್ನುವ ಅಂಶವೇ ಇದಕ್ಕೂ ಬಣ್ಣ ಕೊಡುವುದು. ಬಿಳಿ ತಿರುಳಿನದ್ದರಲ್ಲಿ ಅದು ಇಲ್ಲ.

ಇಷ್ಟೆಲ್ಲಾ ಓದಿ ಸೇಬನ್ನು ಬೈದೆ ಅಂದುಕೊಳ್ಳಬೇಡಿ. ಅದರ ಸಿಪ್ಪೆಯಲ್ಲಿ ಒಳ್ಳೆಯ ಅಂಶಗಳಿವೆ, ಅದರ ಪೆಕ್ಟಿನ್ ಅನ್ನುವ ನಾರು ಕೊಲೆಸ್ಟ್ರಾಲ್‌ಗೂ ಒಳ್ಳೆಯದು. ಬೇಯಿಸಿದ ಸೇಬು ಹೊಟ್ಟೆ ಕೆಟ್ಟವರಿಗೆ ಒಗ್ಗುತ್ತದೆ. ಮೇಲಿನ ಮೇಣ ತಿನ್ನಬಹುದಾದದ್ದೇ, ಉಗುರು ಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದರೆ ಸಾಕು. ದಿನಕ್ಕೊಂದು ಸೇಬು ತಿಂದರೆ ಡಾಕ್ಟರು ದೂರ ಅನ್ನುವ ಮಾತನ್ನು 2015ರಲ್ಲಿ ಅಮೆರಿಕದ ಸಂಶೋಧಕರು ನಿಜಕ್ಕೂ ಲೆಕ್ಕ ಹಾಕಿ ನೋಡಿದರು. ದಿನಾ ತಿನ್ನುವವರು, ತಿನ್ನದವರು ಇಬ್ಬರೂ ಡಾಕ್ಟರ ಹತ್ತಿರ ಹೋಗುವುದರಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ.

ನಮ್ಮಲ್ಲಿ ಇನ್ನೊಂದು ತಮಾಷೆ ಇದೆ. ಹಳೇ ಮೈಸೂರು ಕಡೆ ಸೀಬೆ, ಸೇಬು, ಕಿವಿಗೆ ಒಂದೇ ಥರ ಕೇಳಿಸುತ್ತವೆ. ಒಮ್ಮೆ ಒಬ್ಬ ಅಜ್ಜನಿಗೆ ದಿನಾ ಒಂದು ಸೀಬೆ ತಿನ್ನಿ ಎಂದು ಹೇಳಿ ಕಳಿಸಿದ್ದೆ. ತಿಂಗಳು ಬಿಟ್ಟು ಬಂದು, "ಸಕ್ರೆ ಏನೋ ಕಮ್ಮಿ ಆಯ್ತು ಕಣಮ್ಮ, ಸಾಲ ಜಾಸ್ತಿ ಆಯ್ತು" ಅಂದರು. ದಿನಾ ಸೇಬು ತಿಂದಿದ್ದರು ಪಾಪ. ಅವತ್ತಿನಿಂದ ಬಾಯಲ್ಲಿ ಹೇಳುವಾಗ ಚೇಪೆಕಾಯಿ, ಪೇರಲ ಅಂತ ಎರಡೆರಡು ಹೆಸರು ಸೇರಿಸಿ ಹೇಳುತ್ತೇನೆ.

ಹಾಗಾಗಿ ನಿಮ್ಮ ಮನೆಯಲ್ಲಿ ಹಣ್ಣು ಎರಡೂ ಸರಿ ಇವೆ, ತಟ್ಟೆ ಅದಲುಬದಲಾಗಿದೆ. ಯಜಮಾನರು ತರುವ ಸೇಬು ಅತ್ತೆಯವರಿಗೆ ಹೋಗಲಿ, ವಾರಕ್ಕೆ ಒಂದು ಕಿಲೋ ಸಾಕು. ಹಿತ್ತಲ ಸೀಬೆ ನಿಮಗೂ ಮಗಳಿಗೂ.

ತಾವೇ ನೆಟ್ಟ ಮರದ ಹಣ್ಣು ತಿನ್ನಬೇಡಿ ಅಂತ ಅತ್ತೆಯವರಿಗೆ ಹೇಳುವುದು ಸುಲಭವಲ್ಲ, ನನಗೆ ಗೊತ್ತು. ಸೊಸೆ ಹೇಳಿದರೆ ಒಂದು ಅರ್ಥ, ಡಾಕ್ಟರು ಹೇಳಿದರೆ ಇನ್ನೊಂದು ಅರ್ಥ. ಆದ್ದರಿಂದ ಅವರ ಮುಂದೆಯೇ ಡಾಕ್ಟರ ಬಾಯಲ್ಲಿ ಹೇಳಿಸಿ. ಮರದ ಕಾಯಿ ಯಾವುದು ಬಲಿತಿದೆ, ಯಾವುದನ್ನು ಇವತ್ತು ಕೀಳಬೇಕು ಎನ್ನುವುದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಕಿತ್ತು ಮೊಮ್ಮಗಳ ಕೈಗೆ ಕೊಡುವ ಕೆಲಸ ಅವರದೇ ಆಗಲಿ. ಪೊಟ್ಯಾಸಿಯಂ 5ರ ಒಳಗೆ ಇಳಿದು, ಡಾಕ್ಟರು ಒಪ್ಪಿದರೆ, ಅಪರೂಪಕ್ಕೆ ಎರಡು ಹೋಳು ಬಾಯಿಗೆ ಹಾಕಿಕೊಳ್ಳಬಹುದು. ಪೊಟ್ಯಾಸಿಯಂ ಪರೀಕ್ಷೆ ಮತ್ತೆ ಯಾವಾಗ ಮಾಡಿಸಬೇಕು ಅಂತ ಈ ವಾರ ಹೋದಾಗಲೇ ಕೇಳಿ ಬರೆಸಿಕೊಳ್ಳಿ. ಮಾತ್ರೆ ಶುರು ಮಾಡಿದ ಒಂದು ತಿಂಗಳಿಗೆ ನಿಮ್ಮ ಹಿಮೋಗ್ಲೋಬಿನ್ನೂ ನೋಡಿಸಿ. ರಿಪೋರ್ಟ್ ಬಂದಾಗ ಎರಡನೇ ಪುಟ ತಿರುಗಿಸಿ ನೋಡುವುದನ್ನು ಮರೆಯಬೇಡಿ.